‘ನೈಸ್’ ಪದವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು

ಇಂಗ್ಲಿಷ್ ಬಾರದವರೂ ದಿನಕ್ಕೆ ನಾಲ್ಕು ಸಲ ಹೇಳುವ ಇಂಗ್ಲಿಷ್ ಪದ ನೈಸ್. ಫೋಟೊ ಹಾಕಿದರೆ ಕೆಳಗೆ ನೈಸ್, ಊಟ ಬಡಿಸಿದರೆ ನೈಸ್, ಮಗು ಎರಡು ಸಾಲು ಹಾಡಿದರೂ ನೈಸ್. ಇಷ್ಟು ಸುಲಭದ ಪದಕ್ಕೆ ಪಾಠ ಯಾಕೆ ಅಂತ ನೀವು ಕೇಳಬಹುದು. ನಾನು ಸಂಜೆ ಹೊತ್ತು ಪಿಯು ಮಕ್ಕಳಿಗೆ, ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ, ಅವರು ಬರೆದದ್ದನ್ನು ತಿದ್ದುತ್ತಾ ತಿದ್ದುತ್ತಾ ನನಗೆ ಗೊತ್ತಾಗಿದ್ದು ಏನಂದರೆ ಕಷ್ಟದ ಪದಗಳಲ್ಲಿ ತಪ್ಪು ಕಡಿಮೆ. ಅವನ್ನು ಡಿಕ್ಷನರಿ ನೋಡಿಯೇ ಬರೆಯುತ್ತಾರೆ. ತಪ್ಪು ಜಾಸ್ತಿ ಆಗುವುದು ಇಂಥ ಪುಟ್ಟ ಪದಗಳಲ್ಲೇ. ಇವನ್ನು ಯಾರೂ ಡಿಕ್ಷನರಿಯಲ್ಲಿ ಹುಡುಕುವುದಿಲ್ಲ.

ನಮಗೆ ಇನ್ನೂ ಒಂದು ತೊಡಕಿದೆ. ಕನ್ನಡದೊಳಗೂ ಒಂದು ನೈಸ್ ಇದೆ. ಹಿಟ್ಟನ್ನು ನೈಸಾಗಿ ರುಬ್ಬುತ್ತೇವೆ, ಕೆಲಸ ಆಗಬೇಕಾದವನು ನೈಸ್ ಮಾಡಿಕೊಂಡು ಬರುತ್ತಾನೆ, ಜಗಳ ಶುರುವಾದ ಕೂಡಲೇ ಇನ್ನೊಬ್ಬ ನೈಸಾಗಿ ಜಾರಿಕೊಳ್ಳುತ್ತಾನೆ. ಈ ನೈಸ್ ಇಂಗ್ಲಿಷಿನವರಿಗೆ ಗೊತ್ತೇ ಇಲ್ಲ. ಅದರ ಕಥೆಯನ್ನು ಕೊನೆಗೆ ಇಟ್ಟುಕೊಳ್ಳೋಣ.

ಮೊದಲು ಇವತ್ತಿನ ಅರ್ಥ

ಇವತ್ತಿನ ಇಂಗ್ಲಿಷಿನಲ್ಲಿ ಈ ಪದಕ್ಕೆ ಮುಖ್ಯವಾಗಿ ಎರಡು ಅರ್ಥ. ವಸ್ತು, ಜಾಗ, ಹವಾಮಾನ, ಕಳೆದ ಹೊತ್ತು ಇವುಗಳ ಬಗ್ಗೆ ಹೇಳಿದರೆ ‘ಹಿತವಾಗಿದೆ, ಚೆನ್ನಾಗಿದೆ’ ಅಂತ. ಮನುಷ್ಯರ ಬಗ್ಗೆ ಹೇಳಿದರೆ ‘ಒಳ್ಳೆ ಮನಸ್ಸಿನವರು, ಎದುರಿಗಿದ್ದವರ ಜೊತೆ ಚೆನ್ನಾಗಿ ನಡೆದುಕೊಳ್ಳುವವರು’ ಅಂತ.

ಎರಡನೆಯದರಲ್ಲಿ ನಮ್ಮವರು ಎಡವುತ್ತಾರೆ. ‘ಶೀ ಈಸ್ ನೈಸ್’ ಅಂದರೆ ಅವಳು ನೋಡಲು ಚೆನ್ನಾಗಿದ್ದಾಳೆ ಅಂತಲ್ಲ. ಅವಳ ಸ್ವಭಾವ ಒಳ್ಳೆಯದು ಅಂತ. ನೋಡಲು ಚೆನ್ನಾಗಿ ಕಾಣುತ್ತಿದ್ದಾಳೆ ಅನ್ನಬೇಕಾದರೆ ‘ಶೀ ಲುಕ್ಸ್ ನೈಸ್’ ಅನ್ನಬೇಕು. ಕನ್ನಡದಲ್ಲಿ ‘ಹುಡುಗಿ ಚೆನ್ನಾಗಿದ್ದಾಳೆ’ ಅಂದರೆ ರೂಪದ ಮಾತು, ‘ಹುಡುಗಿ ಒಳ್ಳೆಯವಳು’ ಅಂದರೆ ಗುಣದ ಮಾತು. ನಮ್ಮಲ್ಲಿ ಎರಡು ಬೇರೆ ಬೇರೆ ಪದಗಳು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಒಂದೇ ಪದ ಮಾಡುತ್ತದೆ, ಪಕ್ಕದಲ್ಲಿ ಯಾವ ಕ್ರಿಯಾಪದ ಕೂತಿದೆ ಅನ್ನೋದರ ಮೇಲೆ ಅರ್ಥ ಬದಲಾಗುತ್ತದೆ.

‘ಹೌ ಆರ್ ಯು’ ಅಂತ ಕೇಳಿದಾಗ ‘ಐ ಆ್ಯಮ್ ನೈಸ್’ ಅನ್ನುವವರಿದ್ದಾರೆ. ‘ಹೇಗಿದ್ದೀರಿ?’ ಅಂದರೆ ‘ನಾನು ತುಂಬ ಒಳ್ಳೆಯವನು’ ಅಂದ ಹಾಗೆ ಆಯಿತು ಅದು. ಅಲ್ಲಿ ಫೈನ್ ಅಥವಾ ವೆಲ್ ಬೇಕು. ಹಾಗೇ ‘ನನ್ನ ತಮ್ಮ ಗಣಿತದಲ್ಲಿ ಚೆನ್ನಾಗಿದ್ದಾನೆ’ ಅನ್ನಲು ‘ನೈಸ್ ಇನ್ ಮ್ಯಾತ್ಸ್’ ಅಂತ ಬರೆಯಬೇಡಿ, ‘ಗುಡ್ ಅಟ್ ಮ್ಯಾತ್ಸ್’ ಅಂತ ಬರೆಯಿರಿ. ಸಾಮರ್ಥ್ಯದ ಮಾತಿಗೆ ಗುಡ್. ಹಿತದ ಮಾತಿಗೆ ನೈಸ್.

ಈ ಪದ ಬಂದ ದಾರಿ

ಇದನ್ನು ತಿಳಿಯದೆಯೂ ನೀವು ಇಂಗ್ಲಿಷ್ ಮಾತಾಡಬಹುದು. ಆದರೆ ತಿಳಿದುಕೊಂಡರೆ ಮುಂದಿನ ಅರ್ಧ ಗೊಂದಲ ತಾನಾಗೇ ಬಿಡುತ್ತದೆ, ನನ್ನ ಕ್ಲಾಸಿನಲ್ಲಿ ಇದನ್ನು ಹೇಳಿದ ದಿನ ಮಕ್ಕಳು ಎದ್ದು ಹೋಗಲು ಮನಸ್ಸು ಮಾಡಲಿಲ್ಲ.

ನೈಸ್ ಅನ್ನುವ ಪದದ ಮೊದಲ ಅರ್ಥ ‘ದಡ್ಡ’.

ಲ್ಯಾಟಿನ್ ಭಾಷೆಯಲ್ಲಿ ‘ಸ್ಕೀರೆ’ ಅಂದರೆ ತಿಳಿ, ಅರಿ. ‘ನೆ’ ಅಂದರೆ ಇಲ್ಲ. ಎರಡೂ ಸೇರಿ ‘ನೆಸ್ಕಿಯುಸ್’, ಅಂದರೆ ಏನೂ ತಿಳಿಯದವನು. ನಮ್ಮ ‘ಅಜ್ಞ’ ಕೂಡ ಹೀಗೇ ಕಟ್ಟಿದ ಪದ ಅಲ್ವಾ, ‘ಜ್ಞ’ ಅಂದರೆ ತಿಳಿದವನು, ಮುಂದೆ ಒಂದು ‘ಅ’ ಹಚ್ಚಿದರೆ ತಿಳಿಯದವನು. ಅದೇ ಸ್ಕೀರೆಯಿಂದ ಸೈನ್ಸ್ ಬಂತು, ಕಾನ್ಷಿಯಸ್ ಬಂತು, ಕಾನ್ಷಿಯೆನ್ಸ್ ಬಂತು. ಅಂದರೆ ಸೈನ್ಸ್ ಮತ್ತು ನೈಸ್ ಒಂದೇ ಮನೆಯ ಮಕ್ಕಳು. ಒಂದಕ್ಕೆ ತಿಳಿವಳಿಕೆ ಅಂತ ಹೆಸರು ಬಂತು, ಇನ್ನೊಂದಕ್ಕೆ ತಿಳಿಗೇಡಿತನ ಅಂತ.

ಲ್ಯಾಟಿನ್ ಪದ ಹಳೆಯ ಫ್ರೆಂಚಿಗೆ ಬಂದಾಗ ಸವೆದು ಚಿಕ್ಕದಾಯಿತು. ಅಲ್ಲಿ ಅದನ್ನು ‘ನೀಸ್’ ಅನ್ನುವ ಹಾಗೆ ಹೇಳುತ್ತಿದ್ದರು. ಪೆದ್ದ, ಕೈಲಾಗದವನು, ಅಸಡ್ಡೆಯವನು ಅಂತೆಲ್ಲಾ ಅರ್ಥ. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಸಾವಿರಗಟ್ಟಲೆ ಇಂಗ್ಲಿಷಿಗೆ ಹರಿದು ಬಂದವಲ್ಲ, ಇದೂ ಆ ಗುಂಪಿನದೇ. 13ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷ್ ಬರಹಗಳಲ್ಲಿ ಇದು ಕಾಣಿಸುತ್ತದೆ, ಅರ್ಥ ಅದೇ: ಮೂರ್ಖ. 14ನೇ ಶತಮಾನದ ಕವಿ ಚಾಸರ್ ಇದನ್ನು ಬಳಸಿದಾಗ ಬೈಗುಳವಾಗಿಯೇ ಬಳಸಿದ. ಆಮೇಲೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲಾ ಜಾಗ ಬದಲಿಸಿದ ಒಂದು ದೊಡ್ಡ ಕಾಲಘಟ್ಟ ಬಂತು, ‘ಈ’ ಇದ್ದದ್ದು ‘ಐ’ ಆಯಿತು, ನೀಸ್ ಹೋಗಿ ನೈಸ್ ಆಯಿತು. ಫ್ರಾನ್ಸಿನ ಕಡಲ ತೀರದಲ್ಲಿ ಇದೇ ಅಕ್ಷರಗಳಲ್ಲಿ ಬರೆಯುವ ಒಂದು ಊರಿದೆ, ಅದನ್ನು ಈಗಲೂ ನೀಸ್ ಅಂತಲೇ ಹೇಳಬೇಕು. ಆದರೆ ಆ ಊರಿನ ಹೆಸರಿಗೂ ಈ ಪದಕ್ಕೂ ನಂಟಿಲ್ಲ, ಅದು ಗೆಲುವು ಅನ್ನುವ ಅರ್ಥದ ಗ್ರೀಕ್ ಪದದಿಂದ ಬಂದದ್ದು.

ಬೈಗುಳ ಹೊಗಳಿಕೆ ಆಗಿದ್ದು ಹೇಗೆ? ಒಂದೇ ಜಿಗಿತಕ್ಕೆ ಆಗಲಿಲ್ಲ. ಏನೂ ಗೊತ್ತಿಲ್ಲದವನು ಹಿಂಜರಿಯುತ್ತಾನೆ, ಹಾಗಾಗಿ ಅಂಜುಬುರುಕ, ಸಂಕೋಚದವನು ಅನ್ನುವ ಅರ್ಥ ಬಂತು. ಸಂಕೋಚದವನು ಎಲ್ಲದಕ್ಕೂ ಅಳೆದು ತೂಗಿ ಕೈ ಹಾಕುತ್ತಾನೆ, ಇದು ಬೇಡ ಅದು ಬೇಡ ಅನ್ನುತ್ತಾನೆ. ಊಟದಲ್ಲಿ, ಬಟ್ಟೆಯಲ್ಲಿ, ಜೊತೆಗಾರರಲ್ಲಿ ಆರಿಸಿ ಆರಿಸಿ ನೋಡುವವನು ಅನ್ನುವ ಅರ್ಥ 14ನೇ ಶತಮಾನದ ಕೊನೆಗೆ ಬಂತು. ಆರಿಸಿ ನೋಡುವವನ ಕಣ್ಣು ಸೂಕ್ಷ್ಮ ಇರುತ್ತದೆ, ಹಾಗಾಗಿ 16ನೇ ಶತಮಾನದಲ್ಲಿ ಸೂಕ್ಷ್ಮ, ಕರಾರುವಾಕ್ಕು ಅಂತಾಯಿತು. ಸೂಕ್ಷ್ಮ ಕಣ್ಣಿನವನು ಮೆಚ್ಚಿದ್ದು ಚೆನ್ನಾಗಿಯೇ ಇರಬೇಕಲ್ಲ? 18ನೇ ಶತಮಾನದ ಹೊತ್ತಿಗೆ ಹಿತವಾದದ್ದು, ಚೆನ್ನಾದದ್ದು ಅನ್ನುವ ಅರ್ಥ ಊರಿಕೊಂಡಿತು. ಒಳ್ಳೆ ಮನಸ್ಸಿನ ಮನುಷ್ಯ ಅನ್ನುವುದು ಎಲ್ಲಕ್ಕಿಂತ ಕಿರಿಯದು, 19ನೇ ಶತಮಾನದ್ದು. ನಡುವಿನ ಇನ್ನೂರು ವರ್ಷ ಈ ಅರ್ಥಗಳಲ್ಲಿ ಹಲವು ಒಟ್ಟೊಟ್ಟಿಗೆ ಓಡಾಡುತ್ತಿದ್ದವು. 16, 17ನೇ ಶತಮಾನದ ಬರಹಗಳಲ್ಲಿ ಈ ಪದ ಬಂದಾಗ ಬರೆದವರ ಮನಸ್ಸಿನಲ್ಲಿ ಯಾವ ಅರ್ಥ ಇತ್ತು ಅಂತ ಹೇಳುವುದೇ ಕಷ್ಟ ಅಂತ ಆಕ್ಸ್‌ಫರ್ಡ್ ಡಿಕ್ಷನರಿಯವರೇ ಒಪ್ಪಿಕೊಂಡಿದ್ದಾರೆ.

ಇದು ವಿಚಿತ್ರ ಅನಿಸಿದರೆ ನಮ್ಮ ‘ಮುಗ್ಧ’ ಪದವನ್ನು ನೋಡಿ. ಮುಗ್ಧ ಮತ್ತು ಮೂಢ ಎರಡೂ ಸಂಸ್ಕೃತದ ‘ಮುಹ್’ ಅನ್ನುವ ಒಂದೇ ಧಾತುವಿನಿಂದ ಹುಟ್ಟಿದವು. ದಿಕ್ಕು ತಪ್ಪು, ತಿಳಿಯದಾಗು ಅನ್ನುವುದು ಅದರ ಅರ್ಥ. ಮೂಢ ಬೈಗುಳವಾಗಿಯೇ ಉಳಿಯಿತು. ಮುಗ್ಧ ಮಾತ್ರ ತಿಳಿಯದವನು ಅನ್ನುವುದರಿಂದ ಕಪಟ ತಿಳಿಯದವನು ಅಂತಾಗಿ, ಮುಗ್ಧ ನಗು, ಮುಗ್ಧ ಮುಖ ಅಂತ ಮೆಚ್ಚುಗೆಯ ಮಾತಾಯಿತು. ದಕ್ಷಿಣ ಕನ್ನಡದ ಕಡೆ ‘ಅವರು ಪಾಪದವರು’ ಅಂದರೆ ಪಾಪ ಮಾಡಿದವರು ಅಂತಲ್ಲ, ಸಾಧು ಸ್ವಭಾವದ ಜನ ಅಂತ. ಪದಗಳು ಹೀಗೆ ಮನೆ ಬದಲಾಯಿಸುವುದು ನಮಗೂ ಹೊಸದಲ್ಲ. ಇಂಗ್ಲಿಷಿನಲ್ಲಿ ಇದರ ಉಲ್ಟಾ ದಾರಿ ಹಿಡಿದದ್ದು ಸಿಲ್ಲಿ. ಅದಕ್ಕೆ ಮೊದಲು ‘ಭಾಗ್ಯವಂತ, ದೇವರ ಕೃಪೆ ಇರುವವನು’ ಅಂತ ಅರ್ಥ ಇತ್ತು, ಆಮೇಲೆ ಸಾಧು, ಆಮೇಲೆ ಬಡಪಾಯಿ, ಈಗ ಪೆದ್ದ. ಒಂದು ಮೇಲೆ ಹತ್ತಿತು, ಒಂದು ಕೆಳಗಿಳಿಯಿತು. ಸ್ಪ್ಯಾನಿಷ್ ಭಾಷೆಯಲ್ಲಿ ನೈಸ್‌ನ ಅಣ್ಣನಂಥ ಪದ ‘ನೆಸಿಯೊ’ ಇದೆ, ಅದು ಈಗಲೂ ದಡ್ಡ ಅನ್ನುವ ಅರ್ಥದಲ್ಲೇ ಕೂತಿದೆ.

ನಾನು ಮಕ್ಕಳಿಗೆ ನೆನಪಿಟ್ಟುಕೊಳ್ಳಲು ಹೇಳುವುದು ಮೂರು ಕನ್ನಡ ಪದ. ನೈಸ್ ಮೊದಲು ಮುಗ್ಧ ಆಗಿತ್ತು, ನಡುವೆ ನಾಜೂಕು ಆಗಿತ್ತು, ಈಗ ಚೆನ್ನಾಗಿದೆ ಆಗಿದೆ. ಮೊದಲನೆಯದು ಸತ್ತು ಹೋಗಿದೆ. ಮೂರನೆಯದನ್ನು ಎಲ್ಲರೂ ಬಳಸುತ್ತಾರೆ. ನಡುವಿನ ನಾಜೂಕು ಇನ್ನೂ ಸತ್ತಿಲ್ಲ, ಅದೇ ನಮ್ಮನ್ನು ದಾರಿ ತಪ್ಪಿಸುವುದು.

ನಾಜೂಕಿನ ನೈಸ್

ನಾಜೂಕು ಅನ್ನುವ ಪದ ಇಲ್ಲಿ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ನಾಜೂಕಿನ ಮನುಷ್ಯ ಅಂದರೆ ಎಲ್ಲದರಲ್ಲೂ ಅಚ್ಚುಕಟ್ಟು ಬೇಡುವವನು. ನಾಜೂಕಿನ ಕೆಲಸ ಅಂದರೆ ಸ್ವಲ್ಪ ಕೈ ತಪ್ಪಿದರೂ ಕೆಡುವಂಥದ್ದು. ಗುಲಗಂಜಿ ತೂಕದಲ್ಲೂ ಹೆಚ್ಚುಕಮ್ಮಿ ತೋರಿಸುವ ಅಕ್ಕಸಾಲಿಗರ ತಕ್ಕಡಿ ಇತ್ತಲ್ಲ, ಅಂಥ ತಕ್ಕಡಿಯನ್ನು ಹಳೆಯ ಇಂಗ್ಲಿಷಿನಲ್ಲಿ ‘ನೈಸ್ ಬ್ಯಾಲೆನ್ಸ್’ ಅನ್ನಬಹುದಿತ್ತು. ಚೆಂದದ ತಕ್ಕಡಿ ಅಂತಲ್ಲ, ಸೂಕ್ಷ್ಮ ತಕ್ಕಡಿ ಅಂತ.

‘ನೈಸ್ ಡಿಸ್ಟಿಂಕ್ಷನ್’ ಅಂತ ಓದಿದರೆ ಒಳ್ಳೆಯ ವ್ಯತ್ಯಾಸ ಅಂತ ತಿಳಿಯಬೇಡಿ. ಕೂದಲೆಳೆಯಷ್ಟು ಸಣ್ಣ ವ್ಯತ್ಯಾಸ ಅಂತ ಅರ್ಥ. ಕಾನೂನು ಓದುವವರಿಗೆ ಇದು ಬಹಳ ಮುಖ್ಯ. ಕೋರ್ಟ್ ತೀರ್ಪುಗಳಲ್ಲಿ ‘ಎ ನೈಸ್ ಕ್ವೆಶ್ಚನ್ ಆಫ್ ಲಾ’ ಅನ್ನುವ ಮಾತು ಬರುತ್ತದೆ. ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ವಕೀಲಿಕೆಗೆ ಹೊಸದಾಗಿ ಸೇರಿದ್ದಾಗ ಒಂದು ಹಳೆಯ ತೀರ್ಪಿನಲ್ಲಿ ಇದನ್ನು ಓದಿ, ನ್ಯಾಯಾಧೀಶರು ಪ್ರಶ್ನೆಯನ್ನು ಹೊಗಳಿದ್ದಾರೆ ಅಂತ ನೋಟ್ಸ್ ಮಾಡಿಕೊಂಡಿದ್ದಳು. ನಿಜಕ್ಕೂ ಅವರು ಹೇಳಿದ್ದು, ಇದು ಆ ಕಡೆಗೂ ಹೋಗಬಹುದು ಈ ಕಡೆಗೂ ಹೋಗಬಹುದು, ಬಹಳ ಎಚ್ಚರದಿಂದ ತೀರ್ಮಾನಿಸಬೇಕಾದ ಸೂಕ್ಷ್ಮ ಪ್ರಶ್ನೆ ಅಂತ. ಅರ್ಥ ತಿಳಿದ ಮೇಲೆ ಆ ಪ್ಯಾರಾ ಪೂರ್ತಿ ಬೇರೆಯಾಗಿ ಕಂಡಿತು ಅಂತ ಅವಳೇ ಹೇಳಿದಳು.

ಹಳೆಯ ಕಾದಂಬರಿ ಓದುವವರೂ ಗಮನಿಸಿ. ‘ಅವನು ಊಟದ ವಿಷಯದಲ್ಲಿ ನೈಸ್’ ಅಂತ 200 ವರ್ಷದ ಹಿಂದಿನ ಪುಸ್ತಕದಲ್ಲಿದ್ದರೆ ಅವನಿಗೆ ತಟ್ಟೆಯಲ್ಲಿ ಹಾಕಿದ್ದೆಲ್ಲಾ ಹಿಡಿಸುವುದಿಲ್ಲ ಅಂತ ಅರ್ಥ. ‘ನಾಟ್ ಟೂ ನೈಸ್’ ಅಂತ ಇದ್ದರೆ ಸರಿ ತಪ್ಪಿನ ಬಗ್ಗೆ ಅಷ್ಟೇನೂ ತಲೆ ಕೆಡಿಸಿಕೊಳ್ಳದವನು ಅಂತ. ಈ ನಾಜೂಕಿನ ಅರ್ಥ ನೈಸಿಟಿ ಅನ್ನುವ ನಾಮಪದದಲ್ಲಿ ಭದ್ರವಾಗಿ ಉಳಿದುಕೊಂಡಿದೆ. ನೈಸಿಟಿ ಅಂದರೆ ಸೂಕ್ಷ್ಮ ಸಂಗತಿ, ಒಳ್ಳೆಯತನ ಅಲ್ಲ. ಒಳ್ಳೆಯತನಕ್ಕೆ ನೈಸ್‌ನೆಸ್ ಅನ್ನಬೇಕು. ‘ಸೋಶಿಯಲ್ ನೈಸಿಟೀಸ್’ ಅಂದರೆ ನಾಲ್ಕು ಜನ ಸೇರಿದಾಗ ಪಾಲಿಸುವ ಸಣ್ಣ ಸಣ್ಣ ಮರ್ಯಾದೆಗಳು, ಅಂದರೆ ಬಂದವರನ್ನು ಕೂರಿಸುವುದು, ಕ್ಷೇಮ ಕೇಳುವುದು, ಇಂಥವು.

ಹೊಸ ಅರ್ಥ ಬಂದಾಗ ಎಲ್ಲರೂ ಸುಮ್ಮನೆ ಒಪ್ಪಲಿಲ್ಲ. ಇಂಗ್ಲಿಷ್ ಲೇಖಕಿ ಜೇನ್ ಆಸ್ಟಿನ್ ಅವರ ಕಾದಂಬರಿ ‘ನಾರ್ತ್ಯಾಂಗರ್ ಅಬಿ’ ಅವರು ತೀರಿಕೊಂಡ ಮೇಲೆ 1817ರ ಕೊನೆಗೆ ಹೊರಬಂತು. ಅದರಲ್ಲಿ ಒಬ್ಬ ಹುಡುಗಿ ಒಂದು ಪುಸ್ತಕವನ್ನು ನೈಸ್ ಅಂತ ಹೊಗಳಿದಾಗ ಎದುರಿಗಿದ್ದ ಹೆನ್ರಿ, ಅಚ್ಚುಕಟ್ಟಾಗಿದೆ ಅಂತ ತಾನೇ ನಿಮ್ಮ ಮಾತಿನ ಅರ್ಥ, ಹಾಗಾದರೆ ಅದು ಬೈಂಡಿಂಗ್ ಹೇಗಿದೆ ಅನ್ನೋದರ ಮೇಲೆ ಹೋಗುತ್ತದೆ ಅಂತ ಕಾಡಿಸುತ್ತಾನೆ. ಯಾವ ವಸ್ತುವಿಗಾದರೂ ಈ ಒಂದೇ ಪದ ಸಾಕಾಗಿಬಿಟ್ಟಿದೆ ಅನ್ನುವುದು ಅವನ ದೂರು. 1926ರಲ್ಲಿ ಇಂಗ್ಲಿಷ್ ಬಳಕೆಯ ಕೈಪಿಡಿ ಬರೆದ ಫೌಲರ್ ಕೂಡ ಈ ಪದ ತನ್ನ ಸತ್ವ ಕಳೆದುಕೊಂಡು ಮಂಕಾಗಿದೆ ಅಂತ ಬೇಸರ ಮಾಡಿಕೊಂಡಿದ್ದರು. ನಿಮ್ಮ ಶಾಲೆಯ ಇಂಗ್ಲಿಷ್ ಟೀಚರ್ ಪ್ರಬಂಧದಲ್ಲಿ ನೈಸ್ ಬರೆದಾಗ ಕೆಂಪು ಗೀಟು ಹಾಕಿದ್ದರೆ, ಆ ಗೀಟಿಗೆ 200 ವರ್ಷದ ಹಿನ್ನೆಲೆ ಇದೆ.

ವಾಕ್ಯದಲ್ಲಿ ಕೂರಿಸುವುದು

ಈಗ ಕೈಗೆ ಕೆಲಸ. ಬೇಗ ಬೇಗ ಹೇಳುವಂಥವನ್ನು ಮೊದಲು ಮುಗಿಸುತ್ತೇನೆ. ಹೋಲಿಕೆಗೆ ನೈಸರ್, ನೈಸೆಸ್ಟ್. ಮೋರ್ ನೈಸ್ ಅನ್ನಬೇಡಿ. ಕೊನೆಯ ಉಚ್ಚಾರ ‘ಸ್’, ಕೆಲವರು ‘ನೈಝ್’ ಅನ್ನುತ್ತಾರೆ, ಹಾಗಲ್ಲ. ಹಲವು ಗುಣವಾಚಕ ಒಟ್ಟಿಗೆ ಬಂದಾಗ ನಮ್ಮ ಅಭಿಪ್ರಾಯ ಹೇಳುವ ಪದ ಮೊದಲು ಬರಬೇಕು, ಆಮೇಲೆ ಗಾತ್ರ, ಆಮೇಲೆ ಬಣ್ಣ: ‘ಎ ನೈಸ್ ಬಿಗ್ ರೆಡ್ ಬ್ಯಾಗ್’. ಕನ್ನಡದಲ್ಲೂ ‘ಒಳ್ಳೆ ದೊಡ್ಡ ಕೆಂಪು ಬ್ಯಾಗು’ ಅಂತಲೇ ಬರುತ್ತದೆ, ಆದ್ದರಿಂದ ಇಲ್ಲಿ ನಮ್ಮವರು ತಪ್ಪುವುದು ಕಡಿಮೆ. ಇನ್ನು ‘ಒಳ್ಳೊಳ್ಳೆ ಸೀರೆ ಬಂದಿದೆ’ ಅನ್ನುವುದನ್ನು ‘ನೈಸ್ ನೈಸ್ ಸ್ಯಾರೀಸ್’ ಅಂತ ಮಾಡುತ್ತೇವೆ. ಪದ ಜೋಡಿಸಿ ಹೇಳುವುದು ನಮ್ಮ ಭಾಷೆಯ ಸೊಗಸು. ಇಂಗ್ಲಿಷಿಗೆ ಅದು ಒಗ್ಗುವುದಿಲ್ಲ, ‘ಸಮ್ ವೆರಿ ನೈಸ್ ಸ್ಯಾರೀಸ್’ ಅಂದರೆ ಸಾಕು.

ಕಾಣು, ವಾಸನೆ ಬರು, ರುಚಿಸು, ಕೇಳಿಸು ಇಂಥ ಕ್ರಿಯಾಪದಗಳ ಜೊತೆ ನೈಸ್ ಬರಬೇಕು, ನೈಸ್ಲಿ ಅಲ್ಲ. ‘ದಿಸ್ ಸಾರು ಸ್ಮೆಲ್ಸ್ ನೈಸ್’ ಸರಿ. ‘ಸ್ಮೆಲ್ಸ್ ನೈಸ್ಲಿ’ ಅಂದರೆ ಸಾರಿಗೆ ಮೂಗಿದೆ, ಅದು ಚೆನ್ನಾಗಿ ಮೂಸುತ್ತಿದೆ ಅಂದ ಹಾಗಾಗುತ್ತದೆ. ನೈಸ್ಲಿ ಬೇಕಾಗುವುದು ಕೆಲಸ ಹೇಗೆ ನಡೆಯಿತು ಅನ್ನಲು. ಅವಳು ಚೆನ್ನಾಗಿ ಹಾಡುತ್ತಾಳೆ, ಗಾಯ ಚೆನ್ನಾಗಿ ಮಾಯುತ್ತಿದೆ, ಇಂಥ ಕಡೆ.

ಜಾಸ್ತಿ ಹೊತ್ತು ಕೊಡಬೇಕಾದದ್ದು ಟು, ಆಫ್, ಫಾರ್ ಈ ಮೂರಕ್ಕೆ. ‘ಶೀ ವಾಸ್ ನೈಸ್ ಟು ಮಿ’ ಅಂದರೆ ಅವಳು ನನ್ನ ಜೊತೆ ಚೆನ್ನಾಗಿ ನಡೆದುಕೊಂಡಳು. ‘ಇಟ್ ವಾಸ್ ನೈಸ್ ಆಫ್ ಯು ಟು ಕಮ್’ ಅಂದರೆ ನೀವು ಬಂದದ್ದು ನಿಮ್ಮ ದೊಡ್ಡ ಮನಸ್ಸು. ‘ಇಟ್ ಈಸ್ ನೈಸ್ ಫಾರ್ ಯು’ ಅಂದರೆ ನಿಮಗೆ ಅನುಕೂಲವಾಯಿತು, ಇಲ್ಲಿ ನಿಮ್ಮ ಗುಣದ ಮಾತೇ ಇಲ್ಲ. ಯಾರಾದರೂ ಕಷ್ಟ ತೆಗೆದುಕೊಂಡು ನಿಮ್ಮನ್ನು ಸ್ಟೇಷನ್ನಿಗೆ ಬಿಟ್ಟಾಗ ‘ವೆರಿ ನೈಸ್ ಆಫ್ ಯು’ ಅನ್ನಬೇಕು. ಅದರ ಬದಲು ‘ನೈಸ್ ಫಾರ್ ಯು’ ಅಂದರೆ, ನಿಮಗೇನಪ್ಪಾ ಆರಾಮ ಅಂದ ಹಾಗೆ ಕೇಳುತ್ತದೆ, ಹೇಳುವ ದನಿ ಸ್ವಲ್ಪ ಆಚೀಚೆ ಆದರೆ ಹೊಟ್ಟೆಕಿಚ್ಚಿನ ಮಾತೂ ಆಗಬಹುದು. ಆಫ್ ಅಂದರೆ ಗುಣ, ಟು ಅಂದರೆ ನಡವಳಿಕೆ, ಫಾರ್ ಅಂದರೆ ಅನುಕೂಲ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕಣ್ಣಿಗೆ ಕಾಣುವ ಕಡೆ ಅಂಟಿಸಿಕೊಳ್ಳಿ.

ಭೇಟಿಯ ಮಾತುಗಳು. ‘ನೈಸ್ ಟು ಮೀಟ್ ಯು’ ಮೊದಲ ಸಲ ಪರಿಚಯ ಆದಾಗ ಮಾತ್ರ. ಎರಡನೇ ಸಲದಿಂದ ‘ನೈಸ್ ಟು ಸೀ ಯು’. ಮೊದಲೇ ಪರಿಚಯ ಇರುವವರಿಗೆ ಮೀಟ್ ಅಂದರೆ ಇವನಿಗೆ ನಾನು ನೆನಪೇ ಇಲ್ಲ ಅಂತ ಅವರಿಗೆ ಅನಿಸಬಹುದು. ಇಂಟರ್‌ವ್ಯೂ ಎರಡು ಮೂರು ಸುತ್ತು ನಡೆಯುವ ಕಡೆ, ಅದೇ ಮೇಡಂ ಎರಡನೇ ಸುತ್ತಿನಲ್ಲೂ ಕೂತಿದ್ದರೆ ‘ನೈಸ್ ಟು ಸೀ ಯು ಅಗೇನ್’ ಅನ್ನಿ. ಹೊರಡುವಾಗ ‘ನೈಸ್ ಮೀಟಿಂಗ್ ಯು’ ಅಥವಾ ‘ಇಟ್ ವಾಸ್ ನೈಸ್ ಟಾಕಿಂಗ್ ಟು ಯು’. ಫೋನಿನಲ್ಲಷ್ಟೇ ಮಾತಾಡಿದ್ದರೆ ಮೀಟಿಂಗ್ ಬೇಡ, ಟಾಕಿಂಗ್ ಸಾಕು.

ನನಗೆ ಬಹಳ ಇಷ್ಟವಾದದ್ದು ‘ನೈಸ್ ಆ್ಯಂಡ್’ ಅನ್ನುವ ಜೋಡಿ. ‘ದಿ ಕಾಫಿ ಈಸ್ ನೈಸ್ ಆ್ಯಂಡ್ ಹಾಟ್’ ಅಂದರೆ ಕಾಫಿ ಚೆನ್ನಾಗಿದೆ ಮತ್ತು ಬಿಸಿಯಾಗಿದೆ ಅಂತ ಎರಡು ಮಾತಲ್ಲ. ಹಿತವಾಗುವಷ್ಟು ಬಿಸಿ ಇದೆ ಅಂತ ಒಂದೇ ಮಾತು. ನಾವು ‘ಬಿಸಿಬಿಸಿ ಕಾಫಿ’ ಅಂದಾಗ ಬಿಸಿಯ ಜೊತೆ ಒಂದು ಖುಷಿ ಇರುತ್ತದಲ್ಲ, ಹೆಚ್ಚುಕಮ್ಮಿ ಅದೇ. ಕಂಬಳಿಯೊಳಗೆ ‘ನೈಸ್ ಆ್ಯಂಡ್ ವಾರ್ಮ್’, ಮಡಕೆ ನೀರು ‘ನೈಸ್ ಆ್ಯಂಡ್ ಕೂಲ್’, ಮಧ್ಯಾಹ್ನದ ಮನೆ ‘ನೈಸ್ ಆ್ಯಂಡ್ ಕ್ವೈಟ್’. ನಮಗೆ ಬೇಕಾದ ಗುಣದ ಜೊತೆಗೆ ಮಾತ್ರ ಇದು ಬರುತ್ತದೆ. ಆದರೆ ನಾಮಪದಕ್ಕೆ ಮೊದಲೇ ಬಂದಾಗ ಆ್ಯಂಡ್ ಬಿಟ್ಟುಹೋಗುತ್ತದೆ. ‘ಎ ನೈಸ್ ಹಾಟ್ ಕಪ್ ಆಫ್ ಕಾಫಿ’ ಅನ್ನುತ್ತಾರೆ, ಅಲ್ಲಿ ‘ನೈಸ್ ಆ್ಯಂಡ್ ಹಾಟ್’ ಅನ್ನುವುದಿಲ್ಲ.

ಕುಟುಕುವ ಬಳಕೆಯೂ ಒಂದಿದೆ, ಗುರುತು ಹಿಡಿಯುವಷ್ಟು ಗೊತ್ತಿದ್ದರೆ ಸಾಕು. ‘ಎ ನೈಸ್ ಮೆಸ್’ ಅಂದರೆ ‘ಒಳ್ಳೆ ಫಜೀತಿ ಆಯ್ತಲ್ಲ’ ಅಂತ. ಕನ್ನಡದಲ್ಲೂ ‘ಒಳ್ಳೆ ಕೆಲಸ ಮಾಡಿದೆ ಕಣಪ್ಪಾ’ ಅಂತ ಬೈಯುವುದಿಲ್ಲವೇ, ಅದೇ ದನಿ. ‘ನೈಸ್ ಟ್ರೈ’ ಅಂದರೆ ಆಟದಲ್ಲಿ ಸೋತವನಿಗೆ ಸಮಾಧಾನವೂ ಆಗಬಹುದು, ನಿನ್ನ ಉಪಾಯ ನನ್ನ ಹತ್ತಿರ ನಡೆಯಲ್ಲ ಅಂತಲೂ ಆಗಬಹುದು. ಬರಹದಲ್ಲಿ ದನಿ ಕೇಳಿಸುವುದಿಲ್ಲ. ಹಾಗಾಗಿ ಪರಿಚಯ ಕಡಿಮೆ ಇರುವವರಿಗೆ ‘ನೈಸ್ ಟ್ರೈ’ ಅಂತ ಮೆಸೇಜ್ ಮಾಡಬೇಡಿ.

ಎಲ್ಲಿ ಬಿಡಬೇಕು

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊರದೇಶದ ಒಬ್ಬ ಹಿರಿಯರು ತಿಂಗಳುಗಟ್ಟಲೆ ಕೂತು ತಯಾರಿಸಿದ 40 ಪುಟದ ವರದಿ ಕಳಿಸಿದ್ದರು. ಪೂರ್ತಿ ಓದಿದೆ, ನಿಜಕ್ಕೂ ಬಹಳ ಹಿಡಿಸಿತು, ‘ಇಟ್ ಈಸ್ ನೈಸ್’ ಅಂತ ಒಂದು ಸಾಲಿನ ಉತ್ತರ ಕಳಿಸಿದೆ. ಅವರು ಆಮೇಲೆ ನಮ್ಮ ಮ್ಯಾನೇಜರ್ ಹತ್ತಿರ, ಇವರು ಅದನ್ನು ಓದಿಲ್ಲ ಅಂತ ಕಾಣುತ್ತದೆ ಅಂದರಂತೆ. ನನಗೆ ಎರಡು ದಿನ ನಿದ್ದೆ ಬರಲಿಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದು ಕನ್ನಡದ ‘ಚೆನ್ನಾಗಿದೆ ಸಾರ್’. ಅದರಲ್ಲಿ ಮರ್ಯಾದೆ ಇದೆ, ಮುಖದಲ್ಲಿ ಮೆಚ್ಚುಗೆ ಇದೆ. ಇಂಗ್ಲಿಷಿನ ಒಂಟಿ ನೈಸ್ ಅದನ್ನು ಹೊತ್ತೊಯ್ಯಲಿಲ್ಲ. ಬರಹದಲ್ಲಿ ಅದು ಬಹಳ ತೆಳು ಪದ. ಅದರಲ್ಲೂ ಬ್ರಿಟಿಷರು ತಣ್ಣಗಿನ ದನಿಯಲ್ಲಿ ‘ವೆರಿ ನೈಸ್’ ಅಂದರೆ ಹೇಳಲು ಬೇರೇನೂ ಇಲ್ಲ ಅಂತಲೂ ಆಗಬಹುದು.

ಹಾಗಾಗಿ ಬೇರೆಯವರ ಶ್ರಮದ ಬಗ್ಗೆ ಬರೆಯುವಾಗ ಏನು ಚೆನ್ನಾಗಿದೆ ಅನ್ನುವುದನ್ನೇ ಬರೆಯಿರಿ. ವರದಿಯ ಮೂರನೇ ಭಾಗದ ಲೆಕ್ಕ ಬಹಳ ಸ್ಪಷ್ಟವಾಗಿದೆ ಅಂತ ಬರೆದರೆ ನೈಸ್ ಬೇಕಾಗುವುದೇ ಇಲ್ಲ. ಊಟ ಆದರೆ ಡಿಲಿಷಸ್ ಅನ್ನಿ, ಅದಕ್ಕಿಂತಲೂ ಪಲ್ಯಕ್ಕೆ ಹಾಕಿದ ಕೊಬ್ಬರಿ ಹಿಡಿಸಿತು ಅಂದರೆ ಮಾಡಿದವರಿಗೆ ಖುಷಿ. ಮನುಷ್ಯರಾದರೆ ಕೈಂಡ್, ಫ್ರೆಂಡ್ಲಿ, ಥಾಟ್‌ಫುಲ್ ಇವುಗಳಲ್ಲಿ ಯಾವುದು ನಿಜವೋ ಅದು. ಹವೆಯಾದರೆ ಪ್ಲೆಸೆಂಟ್. ಕೆಲಸದ ಅರ್ಜಿಯಲ್ಲಿ ನೈಸ್ ಬೇಡವೇ ಬೇಡ. ‘ಐ ಆ್ಯಮ್ ಎ ನೈಸ್ ಪರ್ಸನ್ ವಿತ್ ನೈಸ್ ನಾಲೆಜ್ ಆಫ್ ಕಂಪ್ಯೂಟರ್ಸ್’ ಅಂತ ನನ್ನ ಒಬ್ಬ ವಿದ್ಯಾರ್ಥಿ ಬರೆದುಕೊಂಡು ಬಂದಿದ್ದ. ಒಳ್ಳೆಯ ಹುಡುಗ, ಎಕ್ಸೆಲ್ ನಿಜಕ್ಕೂ ಚೆನ್ನಾಗಿ ಬರುತ್ತಿತ್ತು. ಇಬ್ಬರೂ ಕೂತು ಆ ಸಾಲನ್ನು ತೆಗೆದು ಅವನು ಎಕ್ಸೆಲ್‌ನಲ್ಲಿ ಏನೇನು ಮಾಡಬಲ್ಲ ಅನ್ನೋದನ್ನು ಮೂರು ವಾಕ್ಯದಲ್ಲಿ ಬರೆದೆವು. ಪರೀಕ್ಷೆಯ ಪ್ರಬಂಧ, ಆಫೀಸಿನ ವರದಿ, ಸಂಶೋಧನೆಯ ಬರಹ, ಇವುಗಳಲ್ಲೂ ಬಿಡಿ. ಮಾತಿನಲ್ಲಿ, ಗೆಳೆಯರ ಮೆಸೇಜಿನಲ್ಲಿ, ಮಕ್ಕಳ ಜೊತೆ ಧಾರಾಳವಾಗಿ ಬಳಸಿ. ಮಾತಿಗೆ ಅದು ಹೇಳಿ ಮಾಡಿಸಿದ ಪದ, ದನಿ ಮತ್ತು ನಗು ಜೊತೆಗಿರುತ್ತವೆ.

ಮನೆಯ ನೈಸ್

ಈಗ ನಮ್ಮ ನೈಸ್. ಕನ್ನಡಕ್ಕೆ ಬಂದ ಮೇಲೆ ಈ ಪದ ಇಂಗ್ಲಿಷಿನಲ್ಲಿ ಎಂದೂ ಇರದ ಒಂದು ಅರ್ಥ ಪಡೆಯಿತು: ನುಣುಪು. ಚಟ್ನಿ ನೈಸಾಗಿ ಇರಬೇಕು, ರಾಗಿ ಹಿಟ್ಟು ನೈಸಾಗಿ ಬೀಸಿಸಿಕೊಂಡು ಬಾ, ಗೋಡೆಗೆ ನೈಸಾಗಿ ಗಾರೆ ಮಾಡಿದ್ದಾರೆ. ಇದೇ ಜಾಗದಲ್ಲಿ ‘ನಯ’ ಮೊದಲಿಂದಲೂ ಇತ್ತು, ನಯವಾಗಿ ರುಬ್ಬಿ ಅಂತ ಈಗಲೂ ಅನ್ನುತ್ತೇವೆ. ನಯವಾದ ಮಾತು, ನಯವಂಚಕ ಅಂತಲೂ ಇದೆಯಲ್ಲ, ಸರಿಯಾಗಿ ಅದೇ ಜಾಡಿನಲ್ಲಿ ನೈಸ್ ಕೂಡ ಹಿಟ್ಟಿನಿಂದ ಮಾತಿಗೆ ಬಂತು. ‘ನೈಸ್ ಮಾಡಬೇಡ, ಏನು ಬೇಕು ಹೇಳು’ ಅಂತ ಅಮ್ಮ ಮಗನಿಗೆ ಹೇಳುವುದು ಈ ಅರ್ಥದಲ್ಲೇ. (ಬೆಂಗಳೂರಿನ ನೈಸ್ ರೋಡ್ ಇದ್ಯಾವುದೂ ಅಲ್ಲ, ಅದು ರಸ್ತೆ ಮಾಡಿದ ಕಂಪನಿಯ ಹೆಸರಿನ ಮೊದಲಕ್ಷರಗಳು.)

ಕನ್ನಡದಲ್ಲಿ ಈ ನೈಸ್ ತಪ್ಪೇನಲ್ಲ, ನಮ್ಮದೇ ಪದ ಆಗಿಹೋಗಿದೆ. ಕನ್ನಡದಿಂದ ಇಂಗ್ಲಿಷಿಗೆ ತಿರುಗಿ ಒಯ್ಯುವಾಗ ಮಾತ್ರ ಎಚ್ಚರ ಬೇಕು. ‘ಹೀ ಈಸ್ ಡೂಯಿಂಗ್ ನೈಸ್’ ಅಂದರೆ ಪುಸಲಾಯಿಸುತ್ತಿದ್ದಾನೆ ಅಂತ ಯಾರಿಗೂ ತಿಳಿಯುವುದಿಲ್ಲ. ಅದಕ್ಕೆ ‘ಬಟರಿಂಗ್ ಅಪ್’ ಅನ್ನುತ್ತಾರೆ, ನಾವು ಬೆಣ್ಣೆ ಹಚ್ಚುವುದು ಅಂದ ಹಾಗೆಯೇ. ‘ನೈಸಾಗಿ ಜಾರಿಕೊಂಡ’ ಅನ್ನಲು ‘ಸ್ಲಿಪ್ಡ್ ಅವೇ ಕ್ವೈಟ್ಲಿ’. ನೈಸ್ ಬಟ್ಟೆಗೆ ಸಾಫ್ಟ್ ಅಥವಾ ಸ್ಮೂತ್, ನೈಸ್ ಹಿಟ್ಟಿಗೆ ಫೈನ್.

ವಿದೇಶದಲ್ಲಿರುವ ನಮ್ಮವರು ಅಡುಗೆ ವಿಡಿಯೊಗಳಲ್ಲಿ ‘ಗ್ರೈಂಡ್ ಇಟ್ ನೈಸ್ಲಿ’ ಅನ್ನುವುದನ್ನು ಬಹಳ ಸಲ ಕೇಳಿದ್ದೇನೆ. ನೋಡುವವರು ಇಂಗ್ಲಿಷ್ ಮಾತ್ರ ಬಲ್ಲವರಾದರೆ, ಚೆನ್ನಾಗಿ ರುಬ್ಬಿ ಅಂತ ತಿಳಿದು ತಮಗೆ ಸರಿ ಕಂಡಷ್ಟು ರುಬ್ಬುತ್ತಾರೆ, ನುಣ್ಣಗಾಗಬೇಕು ಅನ್ನುವುದು ಅವರಿಗೆ ಮುಟ್ಟುವುದಿಲ್ಲ. ‘ಗ್ರೈಂಡ್ ಟು ಎ ಸ್ಮೂತ್ ಪೇಸ್ಟ್’ ಅನ್ನಿ. ಉದ್ದಿನ ಬೇಳೆಗೆ ಸ್ಮೂತ್ ಸಾಕು, ಇಡ್ಲಿಗೆ ಹಾಕುವ ಅಕ್ಕಿ ತರಿತರಿಯಾಗಿ ಇರಬೇಕಾದ್ದರಿಂದ ಅದಕ್ಕೆ ಕೋರ್ಸ್ ಅಂತ ಬೇರೆಯಾಗಿ ಹೇಳಿ.